ಗೇಟಿದೆ, ಬೇಲಿಯಿಲ್ಲ

ಅರವತ್ತು ದಾಟಿದವರನ್ನು ಎರಡು ಭಯ ಹಿಡಿದುಕೊಳ್ಳುತ್ತವೆ. ಯಾರಾದರೂ ಮನೆಗೆ ನುಗ್ಗಿಬಿಟ್ಟರೆ ಏನು ಗತಿ ಎನ್ನುವುದೊಂದು. ಯಾರೂ ಬಾರದೇ ಹೋದರೆ ಏನು ಗತಿ ಎನ್ನುವುದು ಇನ್ನೊಂದು. ಗೇಟಿನ ಕೊಟೇಶನ್ ಹಿಡಿದು ಬರುವವರು ಮೊದಲನೆಯದರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಎರಡನೆಯದಕ್ಕೆ ಅವರ ಹತ್ತಿರ ಮಾಲಿಲ್ಲ.

ನಮ್ಮ ಬಡಾವಣೆ ಚಿಕ್ಕಮಗಳೂರಿನ ಹೊರಗೆ, ಮೂಡಿಗೆರೆ ರಸ್ತೆಯ ಕಡೆಗಿದೆ. ನಿವೃತ್ತರ ಬಡಾವಣೆ ಅಂತ ಯಾರೂ ಬೋರ್ಡು ಹಾಕಿಲ್ಲ. ಬೆಳಿಗ್ಗೆ ಆರೂವರೆಯ ಮಂಕಿಕ್ಯಾಪುಗಳ ಮೆರವಣಿಗೆ ನೋಡಿದವರಿಗೆ ಬೋರ್ಡು ಬೇಕಾಗಿಯೂ ಇಲ್ಲ. ತೋಟವನ್ನು ರೈಟರ ಕೈಗೊಪ್ಪಿಸಿ ಪೇಟೆಗಿಳಿದ ಪ್ಲಾಂಟರುಗಳು, ಕಳಸದ ಮಳೆಗೆ ಸೋತು ಇತ್ತ ಬಂದ ಅಡಿಕೆ ಬೆಳೆಗಾರರು, ಮೇಷ್ಟ್ರುಗಳು, ಬ್ಯಾಂಕಿನವರು, ಒಬ್ಬರು ಕರ್ನಲ್. ಮಕ್ಕಳೆಲ್ಲ ಬೆಂಗಳೂರು, ಡಲ್ಲಾಸ್, ಮೆಲ್ಬರ್ನ್. ಇಷ್ಟು ಜನ ಸೇರಿದ ಮೇಲೆ ಸಂಘ ಇಲ್ಲದಿರುತ್ತದೆಯೇ? ಸಂಘವಿದ್ದ ಮೇಲೆ ಗೇಟಿನ ಚರ್ಚೆ ಇಲ್ಲದಿರುತ್ತದೆಯೇ?

ಚರ್ಚೆ ಎಬ್ಬಿಸಿದವರು ಕರ್ನಲ್. ಅವರು ಯಾರ ಮನೆಗೆ ಕಾಫಿಗೆ ಹೋದರೂ ಮೊದಲು ನೋಡುವುದು ಒಳಗೆ ನುಗ್ಗಲು ಎಷ್ಟು ದಾರಿಯಿದೆ ಎಂದು. ನಮ್ಮ ಬಡಾವಣೆಗೆ ಒಂದೇ ದಾರಿ ಎನ್ನುವುದು ಅವರಿಗೆ ಬಹಳ ಸಂತೋಷ ಕೊಟ್ಟ ಸಂಗತಿ. ಹಾಲು ತರುವಾಕೆಯ ಕಾಲುದಾರಿ, ಪಕ್ಕದ ಕಾಫಿ ತೋಟದ ಮುರಿದ ಬೇಲಿ, ಚರಂಡಿಗೆ ಅಡ್ಡ ಹಾಕಿದ ಸಿಲ್ವರ್ ಓಕ್ ಹಲಗೆ, ಇವು ಅವರ ನಕ್ಷೆಯಲ್ಲಿ ಇರಲಿಲ್ಲ. ಶತ್ರು ಬಂದರೆ ಟಾರು ರಸ್ತೆಯಲ್ಲೇ ಬರುತ್ತಾನೆ, ಅದೂ ಕಾರಿನಲ್ಲಿ, ಎನ್ನುವುದು ಅವರ ಯುದ್ಧನೀತಿ.

ಅವರು ತಂದ ಯೋಜನೆ ಜೋರಾಗಿತ್ತು. ರಿಮೋಟ್ ಗೇಟು, ಎರಡು ಕ್ಯಾಮೆರಾ, ಮೊಬೈಲಿನಲ್ಲಿ ಆ್ಯಪ್. ಅತಿಥಿ ಬಂದಾಗ ಮನೆಯವರ ಫೋನಿಗೆ ಓಟಿಪಿ ಬರುತ್ತದೆ, ಅದನ್ನು ಹೇಳಿದರೆ ಬಾಗಿಲು ತೆರೆಯುತ್ತದೆ.

‘ಓಟಿಪಿ ಯಾರಿಗೂ ಹೇಳಬೇಡಿ ಅಂತ ನಮಗೆ ಬಾಯಿಪಾಠ ಮಾಡಿಸಿದ್ದಾರಲ್ರೀ!’ ಎಂದರು ಹೆಡ್‌ಮೇಷ್ಟ್ರು.

ಸಭೆ ಅಲ್ಲಿಗೆ ಅರ್ಧ ಮುಗಿಯಿತು. ಉಳಿದರ್ಧವನ್ನು ಕಳಸದ ಭಟ್ಟರು ಮುಗಿಸಿದರು: ‘ಆರಿದ್ರಾ ಮಳೆ ಹಿಡಿದರೆ ಮೂರು ದಿನ ಕರೆಂಟಿಲ್ಲ, ಟವರಿಲ್ಲ. ಓಟಿಪಿ ಎಲ್ಲಿಂದ ಬರ್ತದೆ ಮಾರಾಯ್ರೆ? ಮೋಡದಿಂದ ಉದುರ್ತದಾ?’

ನೋಡಿ, ಗೇಟು ಎಂದರೆ ಏನೆಂದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಉಣುಗೋಲು ಇತ್ತು. ಎರಡು ಕಂಬ, ಎರಡಕ್ಕೂ ಎದುರುಬದುರಾಗಿ ಮೂರು ತೂತು, ಅಡ್ಡಲಾಗಿ ತೂರಿದ ಮೂರು ಗಳ. ಗಾಡಿ ಬಂದರೆ ಮೂರನ್ನೂ ಸರಿಸುವುದು. ಮನುಷ್ಯರು ಬಂದರೆ ಮೇಲಿನದೊಂದನ್ನು ಸರಿಸಿ ಕಾಲೆತ್ತಿ ದಾಟುವುದು. ಮಕ್ಕಳು ನುಸುಳುತ್ತಿದ್ದರು. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತವರು ಮೊಣಕಾಲಿನಿಂದ ಕೆಳಗಿನ ಗಳ ತಳ್ಳಿ ಹೊರೆ ಅಲ್ಲಾಡದಂತೆ ಒಳಗೆ ಬರುವುದನ್ನು ನೋಡಬೇಕಿತ್ತು. ಅದರ ಕೆಲಸ ಒಂದೇ, ದನ ತಡೆಯುವುದು. ಅದನ್ನೂ ಅದು ಪೂರ್ತಿ ಮಾಡುತ್ತಿರಲಿಲ್ಲ. ಪ್ರತಿ ಕೊಟ್ಟಿಗೆಯಲ್ಲೂ ಕೊಂಬಿನಿಂದ ಗಳ ಸರಿಸುವ ವಿದ್ಯೆ ಕಲಿತ ಒಂದು ಹಸು ಇದ್ದೇ ಇರುತ್ತಿತ್ತು, ಉಳಿದವು ಅದರ ಹಿಂದೆ ಸಾಲುಗಟ್ಟಿ ಹೋಗುತ್ತಿದ್ದವು.

ಆಮೇಲೆ ಬ್ರಿಟಿಷ್ ದೊರೆಗಳ ತೋಟಗಳಿಗೆ ಕಬ್ಬಿಣದ ಗೇಟು ಬಂತು, ತೋಟದ ಹೆಸರಿನ ಕಮಾನು ಬಂತು, ಹೊಂಡದ ಮೇಲೆ ಪೈಪು ಜೋಡಿಸಿ ದನದ ಕಾಲು ಹೆದರುವಂತೆ ಮಾಡಿದ ಕ್ಯಾಟಲ್ ಗ್ರಿಡ್ ಬಂತು. ದೊರೆಗಳು ಹೋದರು. ಗೇಟಿನ ಮೋಹ ಉಳಿಯಿತು. ಇವತ್ತಿಗೂ ಮೂಡಿಗೆರೆಯಿಂದ ಕೊಟ್ಟಿಗೆಹಾರದವರೆಗೆ ಕಾರಿನಲ್ಲಿ ಹೋಗಿ ನೋಡಿ. ಎರಡಾಳೆತ್ತರದ ಗೇಟು, ಅದರ ಮೇಲೆ ಸಿಂಹ, ಅತ್ತ ಇತ್ತ ಹತ್ತು ಹತ್ತು ಅಡಿ ಗೋಡೆ. ಅದಾದ ಮೇಲೆ ಲಂಟಾನ. ಗೇಟಿಗೆ ಬೀಗ, ಪಕ್ಕದಲ್ಲಿ ಜನ ತುಳಿದು ನುಣ್ಣಗಾದ ಕಾಲುದಾರಿ. ಸಾಹುಕಾರರ ಮನೆಯ ನಾಯಿ ಕೂಡ ಆ ಕಾಲುದಾರಿಯಲ್ಲೇ ವಾಕಿಂಗ್ ಹೋಗುತ್ತದೆ. ‘ನಾಯಿ ಇದೆ ಎಚ್ಚರಿಕೆ’ ಎಂಬ ಬೋರ್ಡು ಮಾತ್ರ ಗೇಟಿನ ಮೇಲಿದೆ. ಆ ನಾಯಿಗೆ ಹದಿನಾಲ್ಕು ವರ್ಷ, ಹಲ್ಲಿಲ್ಲ. ಅದೂ ನಿವೃತ್ತವೇ.

ಇನ್ನು ಈ ಬೆಟ್ಟಗಳಲ್ಲಿ ಗೇಟನ್ನು ನಂಬಿ ಕೆಟ್ಟವರ ಪಟ್ಟಿ ಮಾಡಹೊರಟರೆ ಮೊದಲ ಹೆಸರು ಯೆಮನ್ ದೇಶದ ಬಂದರಿನ ಕಾವಲಿನವನದು. ಬೀಜ ದೇಶದಿಂದಾಚೆ ಹೋಗಬಾರದೆಂಬ ಕಟ್ಟಪ್ಪಣೆ ಇದ್ದರೂ ಬಾಬಾ ಬುಡನ್ ಹಜ್‌ನಿಂದ ಬರುವಾಗ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು, ಅದು 1670ರ ಸುಮಾರು ಎಂಬುದು ನಮ್ಮೂರ ಪ್ರತೀತಿ. ಗಡ್ಡದಲ್ಲಿಟ್ಟು ತಂದರೆಂದು ಕೆಲವರು, ಸೊಂಟದಲ್ಲೆಂದು ಕೆಲವರು. ಎಲ್ಲಿಟ್ಟರೂ ಗೇಟಿನವನಿಗೆ ಕಾಣಲಿಲ್ಲ ತಾನೇ? ಕಂಡಿದ್ದರೆ ನಮ್ಮ ಪ್ಲಾಂಟರುಗಳು ಯಾವುದನ್ನು ಕುಡಿಯುತ್ತ ಗೇಟಿನ ಬಗ್ಗೆ ಇಷ್ಟು ಜಗಳವಾಡುತ್ತಿದ್ದರು?

ಕಳ್ಳರ ಮಾತಿಗೆ ಬರೋಣ, ಏಕೆಂದರೆ ಕರ್ನಲ್ ಅಲ್ಲಿಗೇ ಮತ್ತೆ ಮತ್ತೆ ಬರುತ್ತಾರೆ. 2025ರ ಆರಂಭದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ ಐವತ್ತು ಕೆಜಿ ಮೂಟೆಗೆ 25,000 ರೂಪಾಯಿ ದಾಟಿದಾಗ ಕಾಫಿ ಕಣದಲ್ಲಿ ಒಣಗುವವರೆಗೂ ಕಾಯದೆ ಗಿಡದಿಂದಲೇ ಕದ್ದೊಯ್ಯುವವರು ಹುಟ್ಟಿಕೊಂಡರು. ನಿಜ. ಅವರು ಗೇಟಿನಿಂದ ಬಂದರೇ? ಬರಲಿಲ್ಲ, ಲಂಟಾನದಿಂದ ಬಂದರು. ಗೇಟಿನಿಂದ ಬರುವ ಧೈರ್ಯಸ್ಥ ಪಿಕಪ್ ತಂದು, ಹಾರನ್ ಹೊಡೆದು, ‘ಸಾಹುಕಾರ್ರು ಹೇಳಿದಾರೆ, ತೆಗಿ’ ಎನ್ನುತ್ತಾನೆ. ಕಾವಲಿನವನು ಸಲಾಮು ಹೊಡೆದು ತೆಗೆಯುತ್ತಾನೆ. ನಮ್ಮಂಥ ಪಿಂಚಣಿದಾರರನ್ನು ನಿಜವಾಗಿ ದೋಚುತ್ತಿರುವವನಂತೂ ಗೇಟಿನ ಹತ್ತಿರವೇ ಸುಳಿಯುವುದಿಲ್ಲ. ಅವನು ವಾಟ್ಸಾಪ್ ವಿಡಿಯೋದಲ್ಲಿ ಪೊಲೀಸ್ ಟೋಪಿ ಹಾಕಿಕೊಂಡು ಬಂದು ‘ಡಿಜಿಟಲ್ ಅರೆಸ್ಟ್’ ಎನ್ನುತ್ತಾನೆ. ಗೇಟಿಗೆ ಒಳಗಿನಿಂದ ಬೀಗ ಹಾಕಿಕೊಂಡು, ಕಿಟಕಿ ಮುಚ್ಚಿಕೊಂಡು, ಇರುವ ಠೇವಣಿಯನ್ನೆಲ್ಲ ನಾವೇ ಅವನಿಗೆ ಕಳಿಸಿಕೊಡುತ್ತೇವೆ.

ಆನೆಯ ವಿಚಾರ ಬೇರೆ. ಮೂಡಿಗೆರೆ ತಾಲ್ಲೂಕಿನ ಊರುಬಗೆ, ಕುಂದೂರು ಕಡೆಯವರಿಗೆ ಇದು ಹರಟೆಯಲ್ಲ. 2022ರ ನವೆಂಬರಿನಲ್ಲಿ ಕುಂದೂರಿನ ಬಳಿ ಆನೆ ದಾಳಿಗೆ ಮಹಿಳೆಯೊಬ್ಬರು ಬಲಿಯಾದಾಗ ಊರಿಗೆ ಊರೇ ರಸ್ತೆಗಿಳಿದಿತ್ತು. ಅಲ್ಲಿನ ತೋಟಗಳಲ್ಲಿ ಈಗ ಯಾರೂ ಗಟ್ಟಿ ಗೇಟಿನ ಮಾತಾಡುವುದಿಲ್ಲ. ಬೀಗ ಹಾಕಿದ ಗೇಟನ್ನು ಆನೆ ಹಣೆಯಿಂದ ಒತ್ತಿದರೆ ಗೇಟೂ ಹೋಯಿತು, ಕಂಬವೂ ಹೋಯಿತು. ತೆರೆದಿಟ್ಟರೆ ಕಂಬ ಉಳಿಯುತ್ತದೆ. ಸೋಲಾರ್ ತಂತಿ ಹಾಕಿದರೆ ದಂತಕ್ಕೆ ಶಾಕ್ ಹೊಡೆಯುವುದಿಲ್ಲವೆಂದು ಅವು ಕಂಡುಕೊಂಡಿವೆ. ದಂತವಿಲ್ಲದವು ಒಣ ಮರ ಉರುಳಿಸಿ ತಂತಿ ಮಲಗಿಸುತ್ತವೆ. ನನಗೆ ಪರಿಚಯದ ಒಬ್ಬರು ಸಂಜೆ ಐದಕ್ಕೆ ತೋಟದ ಎರಡೂ ಗೇಟು ಹಾರುಹೊಡೆದಿಟ್ಟು ಮನೆಯೊಳಗೆ ಕೂರುತ್ತಾರೆ. ‘ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗಲಿ, ನಡುವೆ ನಿಲ್ಲಿಸಿ ಮಾತಾಡಿಸೋದು ಯಾಕೆ?’ ಎನ್ನುತ್ತಾರೆ. ಗೇಟಿನ ಬಗ್ಗೆ ಇಷ್ಟು ಅನುಭವದ ಮಾತನ್ನು ನಮ್ಮ ಸಂಘದಲ್ಲಿ ಯಾರೂ ಆಡಿಲ್ಲ.

ಮನುಷ್ಯರನ್ನು ತಡೆಯುವ ಗೇಟುಗಳಿಗೂ ಇಲ್ಲಿ ಬರವಿಲ್ಲ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ರಾಜ್ಯದಲ್ಲೇ ಅತಿ ಎತ್ತರದ ಶಿಖರ. ಈಗ ಅಲ್ಲಿಗೆ ಗಾಡಿಯಲ್ಲಿ ಹೋಗಬೇಕಾದರೆ ಮೊದಲೇ ಆನ್‌ಲೈನಿನಲ್ಲಿ ಹೆಸರು ಬರೆಸಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ. ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ಹೊತ್ತಿಗೆ ಸರಿಯಾಗಿ ಆಚೆ ಗೇಟಿನಲ್ಲಿ ಚೀಟಿ ಒಪ್ಪಿಸಬೇಕು. ನಿಯಮ ಒಳ್ಳೆಯದೇ, ಕಾಡಿಗೆ ಒಳ್ಳೆಯದು. ಆದರೆ ಅರಣ್ಯ ಇಲಾಖೆ ಕೊಡುವ ಸಮಯಕ್ಕೂ ಎಪ್ಪತ್ತು ದಾಟಿದವರ ಮೂತ್ರಕೋಶ ಕೊಡುವ ಸಮಯಕ್ಕೂ ತಾಳೆಯಾಗುವುದಿಲ್ಲ. ಭಟ್ಟರು ಕಾರ್ಕಳಕ್ಕೆ ಹೊರಟರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದು ಬಿಡುತ್ತಾರೆ. ಅವರಿಗೆ ಗೇಟು ಹೊಸದಲ್ಲ. ಕುದುರೆಮುಖದಲ್ಲಿ ಮಳೆ ಜೋರಾದರೆ ಭದ್ರೆ ಉಕ್ಕಿ ಕಳಸದ ಹತ್ತಿರ ಹೆಬ್ಬಾಳೆ ಸೇತುವೆ ಮುಳುಗುತ್ತದೆ, ಹೊರನಾಡಿಗೆ ಹೋಗುವವರು ಹಳುವಳ್ಳಿ ಸುತ್ತಿಕೊಂಡು ಹೋಗಬೇಕು. ಆ ಗೇಟಿಗೆ ಆ್ಯಪೂ ಇಲ್ಲ, ಓಟಿಪಿಯೂ ಇಲ್ಲ.

ಕುದುರೆಮುಖ ಎಂದ ಕೂಡಲೇ ಇನ್ನೊಂದು ನೆನಪಾಯಿತು. 2005ರ ಡಿಸೆಂಬರ್ 31ಕ್ಕೆ ಸುಪ್ರೀಂ ಕೋರ್ಟಿನ ಆದೇಶದಂತೆ ಕಬ್ಬಿಣದ ಅದಿರಿನ ಗಣಿ ನಿಂತಿತು. ತುಂಬಿದ ಟೌನ್‌ಶಿಪ್ಪು ಖಾಲಿಯಾಗುತ್ತ ಬಂತು. ಸಾಲು ಸಾಲು ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ ಎಲ್ಲ ಇದ್ದ ಊರು. ಜನ ಹೋದ ಮೇಲೆ ಕಾವಲು ಯಾವುದಕ್ಕೆ? ನಮ್ಮ ಬಡಾವಣೆಯಲ್ಲೂ ಮೂರರಲ್ಲೊಂದು ಮನೆಗೆ ಬೀಗ. ಅಪ್ಪ ಅಮ್ಮ ಮಗಳ ಬಾಣಂತನಕ್ಕೆಂದು ವಿಮಾನ ಹತ್ತಿದವರು, ವೀಸಾ ಮುಗಿಯುವವರೆಗೆ ಬರುವುದಿಲ್ಲ. ಗೇಟಿಗೆ ಚಂದಾ ಕೊಡಲು ಅತಿ ಹೆಚ್ಚು ಉತ್ಸಾಹ ತೋರಿಸಿದವರು ಅವರೇ, ಡಲ್ಲಾಸಿನಿಂದ.

ಕಾನೂನಿನ ವಿಷಯ ತೆಗೆದವರು ನಿವೃತ್ತ ವಕೀಲರು. ಬಡಾವಣೆಯ ರಸ್ತೆಯನ್ನು ಒಮ್ಮೆ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಮೇಲೆ ಅದು ಸಾರ್ವಜನಿಕರ ರಸ್ತೆ, ಅಲ್ಲಿ ಓಡಾಡುವವರನ್ನು ತಡೆಯುವಂತಿಲ್ಲವೆಂದು ಬೆಂಗಳೂರಿನ ಬಡಾವಣೆಯೊಂದರ ಪ್ರಕರಣದಲ್ಲಿ ಹೈಕೋರ್ಟ್ 2022ರಲ್ಲಿ ಹೇಳಿದೆ. ನಮ್ಮ ರಸ್ತೆಯನ್ನು ಬಿಟ್ಟುಕೊಟ್ಟು ಎಷ್ಟೋ ವರ್ಷವಾಯಿತು. ‘ಗೇಟು ಹಾಕಿ, ಆದರೆ ಬಂದವರಿಗೆಲ್ಲ ತೆಗೆಯಿರಿ’ ಎಂದರು ವಕೀಲರು. ‘ಹಾಗಾದರೆ ಹಾಕೋದ್ಯಾಕೆ?’ ಎಂದರು ಕರ್ನಲ್. ‘ಅದನ್ನೇ ನಾನೂ ಕೇಳಿದ್ದು’ ಎಂದರು ವಕೀಲರು. ಫೀಸು ಕೇಳಲಿಲ್ಲ, ಪುಣ್ಯ.

ಗೇಟಿನ ಪರವಾಗಿ ಹೇಳುವುದು ಏನೂ ಇಲ್ಲವೆಂದಲ್ಲ. ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ನಾನೂ ಗೇಟಿನ ಪಕ್ಷದವನೇ. ಬೆಂಗಳೂರಿನಿಂದ ಹೋಮ್‌ಸ್ಟೇ ಹುಡುಕಿಕೊಂಡು ಬಂದವರನ್ನು ಗೂಗಲ್ ಮ್ಯಾಪು ಸೀದಾ ನಮ್ಮ ಭಟ್ಟರ ಅಂಗಳಕ್ಕೆ ತಂದು ನಿಲ್ಲಿಸುತ್ತದೆ. ಕಾರಿನಿಂದಿಳಿದ ಹುಡುಗರು ‘ಅಂಕಲ್, ಚೆಕ್‌ಇನ್ ಎಷ್ಟೊತ್ತಿಗೆ, ಕ್ಯಾಂಪ್‌ಫೈರ್ ಇದೆಯಾ’ ಎಂದು ಕೇಳುತ್ತಾರೆ. ಒಮ್ಮೆ ಭಟ್ಟರ ಹೆಂಡತಿ ಪಾಪ ಎಂದು ಅಕ್ಕಿರೊಟ್ಟಿ ಹಾಕಿ ಕಳಿಸಿದರು. ಆ ಹುಡುಗರು ಐದು ನಕ್ಷತ್ರ ಕೊಟ್ಟು ಹೋದರು. ಅದನ್ನು ಓದಿಕೊಂಡು ಮುಂದಿನ ವಾರ ಇನ್ನೂ ಮೂರು ಕಾರು ಬಂದವು.

ಇದಕ್ಕಿಂತ ತೂಕದ ಕಾರಣವೂ ಒಂದಿದೆ. ಸಭೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೂರನೇ ಅಡ್ಡರಸ್ತೆಯ ಟೀಚರಮ್ಮನಿಗೆ ಈಚೆಗೆ ಮರೆವು. ಸಂಜೆಯಾದರೆ ಬ್ಯಾಗು ಹಿಡಿದು ಶಾಲೆಗೆ ಹೊರಟುಬಿಡುತ್ತಾರೆ. ಒಂದು ದಿನ ಹೆದ್ದಾರಿಯವರೆಗೂ ಹೋಗಿದ್ದರು. ನಮ್ಮ ವಯಸ್ಸಿನವರಿಗೆ ಗೇಟು ಬೇಕಾಗಿರುವುದು ಹೊರಗಿನವರು ಒಳಗೆ ಬರಬಾರದೆಂದಲ್ಲ, ಒಳಗಿನವರು ದಾರಿ ತಪ್ಪಬಾರದೆಂದು. ಅದನ್ನು ಒಪ್ಪಿಕೊಳ್ಳಲು ಯಾರಿಗೆ ತಾನೆ ಮನಸ್ಸು ಬರುತ್ತದೆ? ಅದಕ್ಕೇ ಕಳ್ಳರ ಹೆಸರು ಹೇಳುತ್ತೇವೆ. ಆ ಸಂಜೆ ಟೀಚರಮ್ಮನನ್ನು ಮಾತಾಡಿಸಿ, ‘ಇವತ್ತು ರಜೆ ಅಲ್ವಾ ಮೇಡಂ’ ಎಂದು ಹೇಳಿ ತಿರುಗಿಸಿಕೊಂಡು ಬಂದವನು ಅಸ್ಸಾಮಿನಿಂದ ಬಂದ, ಪಕ್ಕದ ತೋಟದ ಕೂಲಿ ಹುಡುಗ. ಅವನ ಕನ್ನಡಕ್ಕೆ ಎರಡು ವರ್ಷ ವಯಸ್ಸು. ರಿಮೋಟ್ ಗೇಟಾಗಿದ್ದರೆ ಆಕೆಯ ಮುಖ ಗುರುತು ಹಿಡಿದು ಬೀಪ್ ಎಂದು ತೆರೆದು ಕಳಿಸುತ್ತಿತ್ತು. 108 ಆಂಬುಲೆನ್ಸ್ ಬಂದರೆ ಮಾತ್ರ ಓಟಿಪಿ ಕೇಳುತ್ತಿತ್ತು.

ಆದ್ದರಿಂದ ನನ್ನ ಮತ ಗೇಟಿಗಲ್ಲ, ಗೇಟಿನ ಹತ್ತಿರ ಕೂರುವ ಮನುಷ್ಯನಿಗೆ. ಆದರೆ ಅಂಥವನಿಗೆ ಸಂಬಳ, ರಜೆ, ಕೊನೆಗೆ ನಾಲ್ಕು ಕಾಸು ನಿವೃತ್ತಿಯ ಹಣ ಕೊಡಬೇಕಲ್ಲ ಎಂದರೆ ಸಭೆ ತಣ್ಣಗಾಗುತ್ತದೆ. ಇದೇ ಮೂಡಿಗೆರೆಯ ತೇಜಸ್ವಿಯವರು ತಬರನ ಕತೆ ಬರೆದದ್ದು. ಕಾಫಿ ಬೆಳೆಗಾರರಿಂದ ಸುಂಕ ವಸೂಲಿ ಮಾಡಹೋಗಿ ಸಿಕ್ಕಿಹಾಕಿಕೊಂಡು, ಆಮೇಲೆ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ಜವಾನ ಅವನು. ಕಾಸರವಳ್ಳಿಯವರ ಸಿನಿಮಾ ನೋಡಿ ನಮ್ಮ ಸಂಘದವರೆಲ್ಲ ಕಣ್ಣೊರೆಸಿಕೊಂಡವರೇ. ವಾಚ್‌ಮನ್‌ಗೆ ತಿಂಗಳಿಗೆ ಎಷ್ಟು ಕೊಡುವುದೆಂಬ ಮಾತು ಬಂದಾಗ ಮಾತ್ರ ಎಲ್ಲರಿಗೂ ಕಾಫಿ ಬೆಲೆ ಇಳಿದದ್ದು ನೆನಪಾಯಿತು.

ಕೊನೆಗೆ ಆದ ತೀರ್ಮಾನ ಹೀಗಿದೆ. ಗೇಟು ಸದ್ಯಕ್ಕೆ ಬೇಡ. ರಸ್ತೆಯ ಬಾಯಲ್ಲಿ ತಗಡಿನ ಮಾಡು, ಒಂದು ಬೆಂಚು, ಒಂದು ಉಣುಗೋಲು. ವಾಚ್‌ಮನ್ ಸಿಗುವವರೆಗೆ ಸದಸ್ಯರೇ ಪಾಳಿಯಲ್ಲಿ ಕೂರುವುದು. ಪಾಳಿಗೆ ಯಾರೂ ಬರಲಿಕ್ಕಿಲ್ಲ ಎಂದುಕೊಂಡಿದ್ದೆವು. ಗಂಡಸರೆಲ್ಲ ಮುಗಿಬಿದ್ದು ಹೆಸರು ಬರೆಸಿದರು. ಬೆಳಿಗ್ಗೆ ಏಳರಿಂದ ಒಂಬತ್ತರ ಪಾಳಿಗೆ ಜಗಳವೇ ಆಯಿತು, ಆ ಹೊತ್ತಿಗೆ ಪೇಪರು ಬರುತ್ತದೆ. ಕರ್ನಲ್ ರಾತ್ರಿ ಪಾಳಿ ಬೇಕೆಂದು ಹಟ ಹಿಡಿದು ಬೈನಾಕ್ಯುಲರ್ ತೆಗೆದಿಟ್ಟಿದ್ದಾರೆ. ಪಟ್ಟಿಯನ್ನು ಪೂರ್ತಿ ಓದಿದ ಭಟ್ಟರ ಹೆಂಡತಿ ಅದನ್ನು ಮಡಿಸಿ ಗಂಡನ ಕೈಗೆ ಕೊಟ್ಟು ಹೇಳಿದರು:

‘ಮನೆಯಲ್ಲಿ ಕುಡಿದ ಲೋಟ ಎತ್ತಿಡದವರು ಅಲ್ಲಿ ಹೋಗಿ ಗಳ ಎತ್ತುತ್ತಾರಂತೆ. ಹೋಗಿ ಬನ್ನಿ, ಊಟದ ಹೊತ್ತಿಗೆ ಓಟಿಪಿ ತನ್ನಿ.’