ಹತ್ತು ಹೊಡೆದು ಹನ್ನೆರಡಾದ ರಾತ್ರಿ

ಕ್ರಿಮಿಯಾದ ಸಿಮ್ಫೆರೊಪೋಲ್ ರೈಲು ನಿಲ್ದಾಣದ ಗೋಪುರ ಗಡಿಯಾರ 1951ರಿಂದ ಅಲ್ಲೇ ಇದೆ. ಹೆಸರು ಹಾಕಬಾರದು ಎಂಬ ಕರಾರಿನ ಮೇಲೆ ಮಾತಿಗೆ ಒಪ್ಪಿತು. ಊರಿಗೆಲ್ಲ ಕಾಣುವ ಎತ್ತರದಲ್ಲಿದ್ದುಕೊಂಡು ಹೆಸರು ಮುಚ್ಚಿಟ್ಟು ಏನು ಸಾಧಿಸುತ್ತದೋ!

ನಾನು: 2014ರ ಜನಮತಗಣನೆ ನೆನಪಿದೆಯೇ?

ಗಡಿಯಾರ: ಮೊದಲು ಮೇ 25 ಅಂದರು. ಆಮೇಲೆ ಮಾರ್ಚ್ 30. ಕೊನೆಗೆ ಮಾರ್ಚ್ 16. ರೈಲು ತಡವಾಗಿ ಬರುವುದನ್ನು ಬೇಕಾದಷ್ಟು ನೋಡಿದ್ದೇನಪ್ಪ. ಮತದಾನ ಎರಡು ತಿಂಗಳು ಮೊದಲೇ ಬಂದು ನಿಂತದ್ದು ಅದೇ ಮೊದಲು.

ನಾನು: ಯಾಕಷ್ಟು ಅವಸರ?

ಗಡಿಯಾರ: ಬಂದೂಕು ಹಿಡಿದ ನೆಂಟರನ್ನು ಎಷ್ಟು ದಿನ ಕಾಯಿಸುವುದು? ಫೆಬ್ರವರಿ 27ರಂದು ಕ್ರಿಮಿಯಾದ ಸಂಸತ್ ಭವನಕ್ಕೆ ನುಗ್ಗಿದವರ ಸಮವಸ್ತ್ರದ ಮೇಲೆ ಯಾವ ದೇಶದ ಗುರುತೂ ಇರಲಿಲ್ಲ. ಅದೇ ದಿನ, ನೂರು ಸ್ಥಾನಗಳ ಸಂಸತ್ತಿನಲ್ಲಿ ಮೂರೇ ಸ್ಥಾನವಿದ್ದ ರಷ್ಯಾ ಪರ ಪಕ್ಷದ ಅಕ್ಸ್ಯೋನೊವ್ ಕ್ರಿಮಿಯಾದ ಪ್ರಧಾನಿಯಾದರು. ಆ ಸಶಸ್ತ್ರಧಾರಿಗಳು ಸ್ಥಳೀಯರು ಎಂದಿದ್ದ ಪುಟಿನ್, ಏಪ್ರಿಲ್ 17ರಂದು ಟಿವಿಯಲ್ಲಿ ತಮ್ಮ ಸೈನಿಕರೂ ಇದ್ದರೆಂದು ಒಪ್ಪಿಕೊಂಡರು.

ನಾನು: ಮತಚೀಟಿಯಲ್ಲಿ ಆಯ್ಕೆ ಇತ್ತಲ್ಲ?

ಗಡಿಯಾರ: ಎರಡಿತ್ತು. ರಷ್ಯಾ ಸೇರುವುದು, ಇಲ್ಲವೇ ಕ್ರಿಮಿಯಾದ 1992ರ ಸಂವಿಧಾನಕ್ಕೆ ಮರಳಿ ಉಕ್ರೇನಿನ ಭಾಗವಾಗಿರುವುದು. ‘ಈಗ ಹೇಗಿದ್ದೇವೋ ಹಾಗೇ ಇರುತ್ತೇವೆ’ ಅನ್ನುವವನಿಗೆ ಚೌಕವೇ ಇಲ್ಲ. ಕ್ರಿಮಿಯಾದ ಟಾಟಾರರ ಪ್ರತಿನಿಧಿ ಸಭೆಯಾದ ಮಜ್ಲಿಸ್ ಬಹಿಷ್ಕಾರ ಹಾಕಿತು. 1944ರಲ್ಲಿ ಸ್ಟಾಲಿನ್ ಅವರನ್ನು ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಅಟ್ಟಿದಾಗ ಯಾರೂ ಅವರ ಮತ ಕೇಳಿರಲಿಲ್ಲ. 1954ರಲ್ಲಿ ಕ್ರಿಮಿಯಾವನ್ನು ಉಕ್ರೇನಿಗೆ ಕೊಟ್ಟಾಗಲೂ ಯಾರನ್ನೂ ಕೇಳಲಿಲ್ಲ. ಅದಕ್ಕೆ ನಾನೇ ಸಾಕ್ಷಿ. 1991ರಲ್ಲಿ ಕೇಳಿದರು. ಉಕ್ರೇನಿನ ಸ್ವಾತಂತ್ರ್ಯಕ್ಕೆ ಇಲ್ಲಿ ಶೇ. 54 ಮತ ಬಿದ್ದಿತ್ತು.

ನಾನು: ಈ ಸಲ ರಷ್ಯಾಕ್ಕೆ ಶೇ. 96.77!

ಗಡಿಯಾರ: ಇಲ್ಲಿ ರಷ್ಯಾ ಕಡೆಯವರು ಬಹಳ ಮಂದಿ, ಸುಳ್ಳು ಹೇಳಲಾರೆ. ಸಾವಕಾಶವಾಗಿ ಕೇಳಿದ್ದರೂ ಗೆಲ್ಲುತ್ತಿದ್ದರೇನೋ. ಸಾವಕಾಶವಾಗಿ ಕೇಳುವ ಧೈರ್ಯ ಯಾರಿಗಿತ್ತು? 17ಕ್ಕೆ ಸ್ವಾತಂತ್ರ್ಯ ಘೋಷಣೆ, 18ಕ್ಕೆ ರಷ್ಯಾ ಸೇರುವ ಒಪ್ಪಂದಕ್ಕೆ ಕ್ರೆಮ್ಲಿನ್‌ನಲ್ಲಿ ರುಜು. ಹೆಪ್ಪು ಹಾಕಿದ ಹಾಲು ಮೊಸರಾಗುವಷ್ಟರಲ್ಲಿ ಒಂದು ಸ್ವತಂತ್ರ ದೇಶ ಹುಟ್ಟಿ ಮುಗಿದಿತ್ತು.

ನಾನು: ಜಗತ್ತು ಸುಮ್ಮನಿರಲಿಲ್ಲ.

ಗಡಿಯಾರ: ಎಲ್ಲಿ ಸುಮ್ಮನಿರುತ್ತದೆ! ಮತದಾನಕ್ಕೆ ಬೆಲೆಯಿಲ್ಲ ಎಂಬ ನಿರ್ಣಯವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ 13 ದೇಶ ಬೆಂಬಲಿಸಿದವು, ರಷ್ಯಾ ವೀಟೊ ಹಾಕಿತು. ಸಾಮಾನ್ಯ ಸಭೆಯಲ್ಲಿ ಪರ 100, ವಿರುದ್ಧ 11; ನಿಮ್ಮ ಭಾರತವೂ ಸೇರಿ 58 ದೇಶ ತಟಸ್ಥ. ಪುಟಿನ್ ಕೊಸೊವೊ ಕಡೆ ಬೆಟ್ಟು ಮಾಡಿದರು. ಸರ್ಬಿಯಾದಿಂದ ಕೊಸೊವೊ ಬೇರೆಯಾದಾಗ ಅದು ಅಕ್ರಮ ಎಂದು ಕೂಗಿದ್ದು ಇದೇ ರಷ್ಯಾ. ಅದನ್ನು ಸರಿಯೆಂದ ಪಶ್ಚಿಮದವರು ಈಗ ಗಡಿಯ ಪಾವಿತ್ರ್ಯ ಹೇಳಿದರು. ಬೇಕಾದಾಗ ಹಿಂದೆ ಮುಂದೆ ತಿರುಗಿಸುವುದು ನಮ್ಮ ಕಸುಬಿನಲ್ಲಿ ಮಾತ್ರ ಅಂದುಕೊಂಡಿದ್ದೆ.

ನಾನು: ತಮಗೇನಾದರೂ ನಷ್ಟ?

ಗಡಿಯಾರ: ಮಾರ್ಚ್ 29ರ ರಾತ್ರಿ ಜನ ಬಾವುಟ ಹಿಡಿದು ನನ್ನ ಕೆಳಗೆ ಸೇರಿದರು. ಹತ್ತು ಗಂಟೆಗೆ ನನ್ನ ಮುಳ್ಳು ಸೀದಾ ಹನ್ನೆರಡಕ್ಕೆ ಹೋಯಿತು. ಮಾಸ್ಕೋ ಸಮಯ! ಅಕ್ಟೋಬರ್‌ನಲ್ಲಿ ರಷ್ಯಾ ತನ್ನ ಸಮಯವನ್ನೇ ಒಂದು ತಾಸು ಹಿಂದಿಟ್ಟಿದ್ದರಿಂದ ಒಂದು ತಾಸು ವಾಪಸ್ ಸಿಕ್ಕಿತು.

ನಾನು: ಇನ್ನೊಂದು?

ಗಡಿಯಾರ: ಅರ್ಜಿ ಹಾಕಿದ್ದೇನೆ. ಅಂಥ ತಾಸು ಯಾವತ್ತೂ ಇರಲೇ ಇಲ್ಲ ಎಂದು ಮಾಸ್ಕೋದವರು ಬರೆದರು. ಕಳೆದೇ ಇಲ್ಲ, ಅದಿನ್ನೂ ನಮ್ಮ ಲೆಕ್ಕದಲ್ಲೇ ಇದೆ ಎಂದು ಕೀವ್‌ನವರು ಬರೆದರು.