ಒಂದು ಕೋಣೆ, ವಾರಕ್ಕೊಂದು ತಾಸು: ಚಿಕ್ಕೋಡಿ ಸೀಮೆಯ ಹಿರಿಯರಿಗೊಂದು ಬಹಿರಂಗ ಪತ್ರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಗುಡಿ, ಬಸದಿ, ಮಸೀದಿ ಕಮಿಟಿಯವರಿಗೆ, ಮಠದ ಅಜ್ಜಾರಿಗೆ, ಪಿಕೆಪಿಎಸ್ ಮತ್ತು ಹಾಲಿನ ಡೈರಿಯ ಅಧ್ಯಕ್ಷರಿಗೆ ಶರಣು.

ನಿಮ್ಮಲ್ಲಿ ಬೇಡುತ್ತಿರುವುದು ದೊಡ್ಡದೇನಲ್ಲ. ನಿಮ್ಮ ಕೈಯಲ್ಲಿರುವ ಒಂದು ಖಾಲಿ ಕೋಣೆ, ವಾರಕ್ಕೊಂದು ಸಂಜೆ, ಒಂದು ತಾಸು. ಕುಡಿತ ಬಿಡಬೇಕೆಂದಿರುವವರು, ಬಿಟ್ಟವರು ಅಲ್ಲಿ ಕೂಡಿ ಮಾತಾಡಲಿ. ದಾರೂ ಅಂಗಡಿ ಎಲ್ಲಿ ಅಂತ ಹೊಸಬರು ಕೇಳಿದರೆ ನಮ್ಮೂರ ಸಣ್ಣ ಹುಡುಗರೂ ಕೈ ಮಾಡಿ ತೋರಿಸುತ್ತಾರೆ. ದಾರೂ ಬಿಟ್ಟವರು ಎಲ್ಲಿ ಕೂಡುತ್ತಾರೆ ಅಂತ ಕೇಳಿದರೆ ನಾವು ಯಾವ ಕಡೆ ಕೈ ಮಾಡಬೇಕು?

ಕುಡಿದವನು ಹಾಡಹಗಲೇ ಬಸ್‌ ನಿಲ್ದಾಣದಲ್ಲಿ ಬಿದ್ದಿದ್ದರೆ ಊರು ಅವನನ್ನು ದಾಟಿಕೊಂಡು ಹೋಗುತ್ತದೆ. ಅದೇ ಮನುಷ್ಯ ಬಿಡುತ್ತೇನೆಂದು ಒಂದು ಸಭೆಗೆ ಹೊರಟರೆ ಮನೆಯವರೇ ಅಡ್ಡ ಬರುತ್ತಾರೆ. ಮಂದಿ ಏನಂದಾರು, ಮಗಳಿಗೆ ಸಂಬಂಧ ಕೇಳಲು ಬಂದವರಿಗೆ ಗೊತ್ತಾದರೆ ಹೇಗೆ ಎಂಬ ಅಂಜಿಕೆ. ಆ ಅಂಜಿಕೆ ಸುಳ್ಳಲ್ಲ, ಅದನ್ನು ಹುಟ್ಟಿಸಿದವರೂ ನಾವೇ. ಅದಕ್ಕೇ ಈ ಪತ್ರ ಅವನಿಗಲ್ಲ, ನಿಮಗೆ.

ಸರ್ಕಾರದ ದಾರಿ ನಮಗೆಲ್ಲ ಗೊತ್ತಿದೆ. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಬಾಟಲಿ ಉಳಿಯಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಮದ್ಯಪಾನ ಸಂಯಮ ಮಂಡಳಿ ಎಂಬುದನ್ನು ನಡೆಸುವುದೂ ಅದೇ ಸರ್ಕಾರ. ನಾವು ಬೆಳೆದ ಕಬ್ಬಿನ ಕಾಕಂಬಿಯಿಂದಲೇ ಸ್ಪಿರಿಟ್ ಆಗುತ್ತದೆ. ಕಬ್ಬಿನ ಬಿಲ್ಲು ಕೈಗೆ ಬಂದ ದಿನ ಅಂಗಡಿ ಮುಂದೆ ಸಾಲು ನಿಲ್ಲುತ್ತದೆ. ಇದನ್ನು ಸರಿಮಾಡುವ ಹೋರಾಟ ಬೇರೆಯೇ ಇದೆ. 2019ರ ಜನವರಿಯಲ್ಲಿ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ಕೋಣೆಗೆ ಮಾತ್ರ ಬೆಂಗಳೂರಿನ ಅಪ್ಪಣೆ ಬೇಕಿಲ್ಲ.

ಆ ತಾಸಿನಲ್ಲಿ ಏನು ನಡೆಯುತ್ತದೆ ಅಂತ ನೀವು ಕೇಳಬಹುದು. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ವ್ಯವಹಾರಕ್ಕೆಂದು ಹೋದ ಬಿಲ್ ವಿಲ್ಸನ್, ಕೆಲಸ ಕೆಟ್ಟು, ಹೋಟೆಲಿನ ಬಾರ್ ಕಡೆ ಮನಸ್ಸು ಎಳೆಯುತ್ತಿದ್ದಾಗ, ಚರ್ಚುಗಳ ಪಟ್ಟಿ ನೋಡಿ ಫೋನ್ ಮಾಡಿದ. ಕುಡಿತದಿಂದ ನರಳುವ ಇನ್ನೊಬ್ಬನ ಜೊತೆ ಮಾತಾಡಬೇಕು, ಇಲ್ಲದಿದ್ದರೆ ತಾನೇ ಕುಡಿದುಬಿಡುತ್ತೇನೆ ಎಂಬುದು ಅವನ ಭಯ. ಹಾಗೆ ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್. ಕಾಲು ತಾಸು ಮಾತ್ರ ಕೂಡುತ್ತೇನೆಂದು ಬಂದ ಡಾಕ್ಟರು ತಾಸುಗಟ್ಟಲೆ ಕೂತರು. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹೀಗೆ, ಇಬ್ಬರು ಒಂದು ಕೋಣೆಯಲ್ಲಿ ಕೂತು. 1957ರಲ್ಲಿ ಅದು ಭಾರತಕ್ಕೂ ಬಂತು. ಫೀ ಇಲ್ಲ, ಹಾಜರಿ ಪುಸ್ತಕ ಇಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಬಿಡಬೇಕೆಂಬ ಆಸೆ ಒಂದಿದ್ದರೆ ಸಾಕು. ಒಬ್ಬ ತನ್ನ ಕಥೆ ಹೇಳುತ್ತಾನೆ, ಉಳಿದವರು ಬುದ್ಧಿ ಹೇಳದೆ ಕೇಳುತ್ತಾರೆ. ಹೊರಗಿನವರ ದೇಣಿಗೆಯನ್ನೂ ಅವರು ಮುಟ್ಟುವುದಿಲ್ಲ. ನೀವು ಪುಕ್ಕಟೆ ಕೊಟ್ಟರೂ ಬಾಡಿಗೆ ಕೊಡುತ್ತೇವೆ ಅಂದಾರು. ಬೇಡ ಅನ್ನಬೇಡಿರಿ, ಇಸಿದುಕೊಳ್ಳಿರಿ.

ನಮ್ಮ ನೆಲಕ್ಕೂ ಇದು ಹೊಸದಲ್ಲ. ಇಳಕಲ್ಲಿನ ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು, ನಿಮ್ಮ ಚಟ ಇದರಲ್ಲಿ ಹಾಕಿರಿ ಅಂತ ಮನೆಮನೆಗೆ ನಡೆದರು. ಅವರು ಹುಟ್ಟಿದ ಆಗಸ್ಟ್ 1 ಇವತ್ತು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳದ ಕಡೆಯಿಂದ ಜನಜಾಗೃತಿ ವೇದಿಕೆ ರಾಜ್ಯದ ತುಂಬ ಮದ್ಯವರ್ಜನ ಶಿಬಿರ ನಡೆಸುತ್ತದೆ, ಬಿಟ್ಟವರಿಗಾಗಿ ನವಜೀವನ ಸಮಿತಿಗಳನ್ನೂ ಕಟ್ಟುತ್ತದೆ. ಇವೆಲ್ಲ ದೊಡ್ಡ ಕೆಲಸ. ಆದರೆ ಶಿಬಿರ ಮುಗಿದು, ಹಾರ ಒಣಗಿ, ಅದೇ ಕೂಲಿ, ಅದೇ ಗೆಳೆಯರ ನಡುವೆ ಮರಳಿದ ಮೂರನೆಯ ತಿಂಗಳಿಗೆ ಅವನಿಗೆ ನಡೆದು ಹೋಗುವಷ್ಟು ಹತ್ತಿರ ಒಂದು ಬಾಗಿಲು ಬೇಕು.

ಮಾತಿನಿಂದ ಆಗದ್ದೂ ಒಂದಿದೆ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದಲ್ಲಿ ಕೈಕಾಲು ನಡುಗಿ, ಫಿಟ್ಸ್ ಬಂದು, ಇಲ್ಲದ್ದು ಕಂಡು ಜೀವಕ್ಕೇ ಅಪಾಯವಾಗಬಹುದು. ಅಂಥವರನ್ನು ಆಣೆ ಪ್ರಮಾಣ ಮಾಡಿಸಿ ಮನೆಯಲ್ಲಿ ಕೂಡಿಹಾಕಬೇಡಿರಿ, ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ದಿಕ್ಕು ತೋಚದಿದ್ದರೆ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಕೇಳಬಹುದು.

ಇನ್ನೊಂದು ಸಂಜೆ ಹೆಣ್ಣುಮಕ್ಕಳಿಗೂ ಕೊಡಿರಿ. ನಿಪ್ಪಾಣಿಯಲ್ಲಿ ಬೀಡಿ ಕಟ್ಟಿ ಮನೆ ನಡೆಸುವ ಅಕ್ಕನಿಗೆ ಗಂಡನ ಕುಡಿತದ ಮಾತು ಆಡಲು ತವರೂ ಇಲ್ಲ, ಓಣಿಯೂ ಇಲ್ಲ. ಕುಟುಂಬದವರಿಗೆಂದೇ ಅಲ್‌ಅನಾನ್ ಎಂಬ ಸಂಘ 1951ರಿಂದ ಇದೆ. ಕನ್ನಡದಲ್ಲಿ ಹೇಳುವವರು ಕನ್ನಡದಲ್ಲಿ, ಮರಾಠಿಯವರು ಮರಾಠಿಯಲ್ಲಿ ಹೇಳಿಕೊಳ್ಳಲಿ. ಗಡಿಯ ವಾದವನ್ನು ಚಪ್ಪಲಿಯ ಜೊತೆ ಹೊರಗೇ ಬಿಡಿರಿ.

ಉದ್ಘಾಟನೆ ಬೇಡ, ಬ್ಯಾನರ್ ಬೇಡ, ಶಾಲು ಹೊದಿಸಿ ಫೋಟೊ ತೆಗೆಯುವುದಂತೂ ಬೇಡವೇ ಬೇಡ. ಸಂತೆಯ ದಿನ ಬಿಟ್ಟು, ಕೊನೆಯ ಬಸ್ಸಿಗೆ ಮುಂಚೆ ಮುಗಿಯುವ ಹೊತ್ತು ಗೊತ್ತುಮಾಡಿರಿ. ದಿನ, ವೇಳೆ, ಜಾಗವನ್ನು ತಾಲೂಕು ಆಸ್ಪತ್ರೆಯ ಡಾಕ್ಟರಿಗೆ, ಆಶಾ ಅಕ್ಕಂದಿರಿಗೆ ತಿಳಿಸಿರಿ. ಕೀಲಿ ಇಬ್ಬರ ಹತ್ತಿರ ಇರಲಿ, ಒಬ್ಬರು ಪರಊರಿಗೆ ಹೋದ ವಾರ ಸಭೆ ತಪ್ಪಬಾರದು.

ಇಂತಿ,
ನಿಮ್ಮ ಸೀಮೆಯವನೇ ಒಬ್ಬ