ಪೋಸ್ಟೂ ಅದೇ, ಬೇಸಿಕ್ಕೂ ಅದೇ

ಖಾನಾಪುರದಿಂದ ಬೆಳಗಾವಿಗೆ ಹೊರಟ ಮುಂಜಾನೆಯ ಬಸ್ಸು. ಪಕ್ಕದಲ್ಲಿ ಕೂತ ಸಿಸ್ಟರ್ ತೊಡೆಯ ಮೇಲೆ ದಪ್ಪನೆಯ ರೆಕಾರ್ಡ್ ಬುಕ್ಕು ಹರವಿಕೊಂಡು, ಸ್ಕೇಲು ಹಿಡಿದು ಮಂಚವೊಂದರ ಚಿತ್ರ ಬರೆಯುತ್ತಿದ್ದರು. ದೇಸೂರು ಬರುವಷ್ಟರಲ್ಲಿ ಮಂಚಕ್ಕೆ ಮೂರು ಕಾಲು ಮೂಡಿದ್ದವು. ನಾಲ್ಕನೆಯದು ರಸ್ತೆಯ ತಗ್ಗಿಗೆ ಸಿಕ್ಕಿ ಪುಟದಾಚೆ ಹೋಯಿತು.

“ಏನ್ರಿ ಸಿಸ್ಟರ್ ಇದು?”

“ಬೆಡ್ ಮೇಕಿಂಗ್ ರೀ ಸರ್. ಇವತ್ತ ಮೇಡಮ್ ಸಹಿ ಮಾಡ್ಬೇಕು.”

“ಕೆಲಸಕ್ಕ ಸೇರಿ ಎಷ್ಟ್ ವರ್ಷ ಆತ್ರಿ?”

“ಹದಿನಾಕ್ ರೀ.”

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ದಿನಕ್ಕೆ ಹತ್ತೇ ಹಾಸಿಗೆ ಎಂದರೂ, ವರ್ಷಕ್ಕೆ ಮುನ್ನೂರೇ ದಿನ ಎಂದರೂ, ಈ ಕೈಗಳು 42 ಸಾವಿರ ಹಾಸಿಗೆ ಹಾಸಿವೆ. ರೋಗಿ ಮೇಲೆ ಮಲಗಿರುವಾಗಲೇ, ಅವನ ನಿದ್ದೆ ಕೆಡದ ಹಾಗೆ ಕೆಳಗಿನ ಚಾದರ ಬದಲಿಸುವ ಕೈಗಳು. ಆ ಕೈಗಳಿಗೆ ಹಾಸಿಗೆ ಹಾಸಲು ಬರುತ್ತದೆಯೋ ಇಲ್ಲವೋ ಎಂಬುದನ್ನು ಈಗ ಚಿತ್ರ ನೋಡಿ ತೀರ್ಮಾನಿಸಲಾಗುತ್ತದೆ.

ಈ ಓದಿನ ಹೆಸರು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್. ಜಿಎನ್ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರು ಪದವೀಧರರಾಗಲು ಇರುವ ಎರಡು ವರ್ಷದ ದಾರಿ. ನಮ್ಮ ಸಿಸ್ಟರ್ ಓದುವಾಗ ಜಿಎನ್ಎಂ ಮೂರೂವರೆ ವರ್ಷದ್ದು. ಅದಕ್ಕೆ ಈ ಎರಡು ಕೂಡಿಸಿದರೆ ಐದೂವರೆ. ಪಿಯುಸಿ ಮುಗಿಸಿ ನೇರ ಬಿ.ಎಸ್ಸಿ.ಗೆ ಸೇರಿದ ಹುಡುಗಿಗೆ ಅದೇ ಪದವಿ ನಾಲ್ಕೇ ವರ್ಷಕ್ಕೆ ಸಿಗುತ್ತದೆ. ನಡುವಿನ ಹದಿನಾಲ್ಕು ವರ್ಷ ಯಾವ ಖಾತೆಗೂ ಜಮಾ ಇಲ್ಲ. ಅನುಭವಕ್ಕೆ ಮಾರ್ಕ್ಸ್ ಕಾರ್ಡ್ ಇರುವುದಿಲ್ಲವಲ್ಲ!

ಬೇಸಿಕ್ ಮುಗಿದ ಮೇಲಿನದು ಎಂದೇ ‘ಪೋಸ್ಟ್ ಬೇಸಿಕ್’ ಎಂಬ ಹೆಸರು. ಮೊದಲ ವರ್ಷದ ವಿಷಯಪಟ್ಟಿ ತೆರೆದರೆ ‘ನರ್ಸಿಂಗ್ ಫೌಂಡೇಶನ್’ ಎದ್ದು ಕಾಣುತ್ತದೆ. ಅಂದರೆ ಮನೆ ಕಟ್ಟಿ ಹದಿನಾಲ್ಕು ವರ್ಷ ವಾಸ ಮಾಡಿದವರಿಗೆ ಈಗ ಪಾಯ ತೋಡುವ ಪಾಠ. ಸರಕಾರಿ ನೌಕರರ ಭಾಷೆಯಲ್ಲಿ ಪೋಸ್ಟ್ ಎಂದರೆ ಹುದ್ದೆ, ಬೇಸಿಕ್ ಎಂದರೆ ಮೂಲ ವೇತನ. ಆ ಅರ್ಥ ಹಿಡಿದುಕೊಂಡರೆ ಈ ಕೋರ್ಸಿನ ಹೆಸರು ಶುದ್ಧ ಕುಚೋದ್ಯ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಯನ್ನೇ ನೋಡಿ. ಡಿಪ್ಲೊಮಾದವರಿಗೂ ಪದವಿಯವರಿಗೂ ಅದೇ ಪೋಸ್ಟು, ಏಳನೇ ವೇತನ ಆಯೋಗದ ಅದೇ 44,900ರ ಬೇಸಿಕ್ಕು.

ಒಂದೇ ವ್ಯತ್ಯಾಸ. ಪದವಿ ಇದ್ದವರಿಗೆ ಅನುಭವ ಬೇಡ. ಡಿಪ್ಲೊಮಾದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಅನುಭವ ಬೇಕು. ಸಿಸ್ಟರ್ ರಾತ್ರಿ ಪಾಳಿ ಮಾಡುವ ಖಾನಾಪುರದ ನರ್ಸಿಂಗ್ ಹೋಮಿನಲ್ಲಿರುವುದು 22 ಹಾಸಿಗೆ. ಹದಿನಾಲ್ಕು ವರ್ಷ ಅಲ್ಲಿ ಹಾವು ಕಡಿದವರನ್ನು, ಹೆರಿಗೆ ನೋವಿನವರನ್ನು ಸಂಬಾಳಿಸಿದ್ದೆಲ್ಲ 28 ಹಾಸಿಗೆ ಕಡಿಮೆ ಬಿದ್ದು ಅನುಭವವೇ ಆಗಲಿಲ್ಲ. ಹಾಗಾದರೆ ಪದವಿ ಪಡೆದು ಅರ್ಜಿ ಹಾಕಬಹುದಲ್ಲ ಎಂದಿರಾ? ಹಾಕಬಹುದಿತ್ತು. ಸಾಮಾನ್ಯ ವರ್ಗಕ್ಕೆ ವಯೋಮಿತಿ 30. ಮೀಸಲಾತಿಯ ಮೂರು, ಐದು ವರ್ಷ ಸೇರಿಸಿದರೂ ಸಿಸ್ಟರ್ ಆ ಗೇಟು ದಾಟಿ ಬಹಳ ದಿನವಾಯಿತು.

ರಾತ್ರಿ ಖಾನಾಪುರದಲ್ಲಿ ಡ್ಯೂಟಿ, ಹಗಲು ಬೆಳಗಾವಿಯಲ್ಲಿ ಕಾಲೇಜು. ನಿದ್ದೆ ಎಂದರೆ ನಡುವಿನ ಸುಮಾರು 26 ಕಿಲೋಮೀಟರು, ಅದೂ ರೆಕಾರ್ಡ್ ಬರೆಯುವುದು ಇಲ್ಲದಿದ್ದರೆ. ಕಂಡಕ್ಟರ್ ಬಂದಾಗ ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದರು. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ. ಅವರ ಪಾಲಿಗೆ ಬಂದ ಸರಕಾರಿ ಸ್ಕಾಲರ್‌ಶಿಪ್ ಅದೊಂದೇ.

ಇಷ್ಟೆಲ್ಲ ಕಷ್ಟ ಬೇಡ ಎನ್ನುವವರಿಗೆ ‘ನಾನ್ ಅಟೆಂಡಿಂಗ್’ ಎಂಬ ಸೌಲಭ್ಯವುಂಟು. ನಿಯಮದ ಪುಸ್ತಕದಲ್ಲಿ ಹುಡುಕಬೇಡಿ, ಏಜೆಂಟರ ಮೊಬೈಲಿನಲ್ಲಿ ಹುಡುಕಿ. ಹಾಜರಿ ಪುಸ್ತಕದಲ್ಲಿ ವಿದ್ಯಾರ್ಥಿ ಇರುತ್ತಾನೆ, ಬೆಂಚಿನ ಮೇಲೆ ಇರುವುದಿಲ್ಲ. ನಮ್ಮ ಸಿಸ್ಟರಿಗೂ ಯಾರೋ ರೇಟು ಹೇಳಿದ್ದರಂತೆ. “ಬ್ಯಾಡ ಅಂದ್ನಿರಿ. ನಾಳೆ ಇಂಜೆಕ್ಷನ್ ಕೊಡೂವಾಗ ಪೇಶೆಂಟ್ ಮುಂದ ನಾನ್ ಅಟೆಂಡಿಂಗ್ ಇರಾಕ್ ಆಗ್ತೈತೇನ್ರಿ?”

ಎರಡನೇ ವರ್ಷ ನರ್ಸಿಂಗ್ ಅಡ್ಮಿನಿಸ್ಟ್ರೇಶನ್ ಬರುತ್ತದೆ. ಸಾಮಾನ್ಯ ಆಸ್ಪತ್ರೆಯಲ್ಲಿ ಎಷ್ಟು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಎಂದು ಪ್ರಶ್ನೆ ಬಿದ್ದರೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ‘ಐವರಿಗೆ ಒಬ್ಬರು’ ಎಂದು ಬರೆಯಬೇಕು. ಸಿಸ್ಟರ್ ತಾವು ಕಂಡದ್ದನ್ನು ಬರೆದರೆ ಫೇಲು. ಸಂಬಳದ ಕತೆಯೂ ಅಷ್ಟೇ. ಸುಪ್ರೀಂ ಕೋರ್ಟ್ ಸೂಚನೆಯ ಮೇರೆಗೆ 2016ರಲ್ಲಿ ಕೂತ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20 ಸಾವಿರಕ್ಕಿಂತ ಕಡಿಮೆ ಕೊಡಬಾರದು ಎಂದು ಶಿಫಾರಸು ಮಾಡಿತ್ತು. ಹಾಗೆಂದು ಹೇಳಿದೆ. ಸಿಸ್ಟರ್ ಪೆನ್ಸಿಲ್ ಕೆಳಗಿಟ್ಟು ನಕ್ಕರು.

ಕಮ್ಯುನಿಟಿ ಹೆಲ್ತ್ ರೆಕಾರ್ಡಿಗೆ ಹಳ್ಳಿಯ ನಕಾಶೆ ಬರೆಯಬೇಕು. ಬಾವಿಗೆ ನೀಲಿ, ಗಿಡಕ್ಕೆ ಹಸಿರು. 2024ರ ಜುಲೈ ಮಳೆಯಲ್ಲಿ ಭೀಮಗಡ ಕಾಡಿನ ಆಮಗಾಂವದಿಂದ ಕಾಯಿಲೆ ಬಿದ್ದ ಹೆಂಗಸೊಬ್ಬರನ್ನು ಊರವರು ಕಟ್ಟಿಗೆ ಕಟ್ಟಿ ಮಾಡಿದ ಸ್ಟ್ರೆಚರಿನಲ್ಲಿ ಮಲಗಿಸಿ, ಹೆಗಲ ಮೇಲೆ ಹೊತ್ತು ಕಾಡು ದಾಟಿಸಿದ್ದರು. ಅದೂ ಖಾನಾಪುರ ತಾಲೂಕೇ. ಆ ದಾರಿಗೆ ಯಾವ ಬಣ್ಣ ಎಂದು ಕೇಳಿದರೆ ಮೇಡಮ್ಮರು ಏನು ಹೇಳುತ್ತಾರೋ.

ಪದವಿಯಿಂದ ಲಾಭವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಎಂ.ಎಸ್ಸಿ. ಬಾಗಿಲು ತೆರೆಯುತ್ತದೆ, ಕಾಲೇಜಿನಲ್ಲಿ ಪಾಠ ಹೇಳಬಹುದು. ಹಾಸಿಗೆ ಹಾಸುವುದನ್ನು ಬಿಟ್ಟು ಹಾಸಿಗೆ ಹಾಸುವ ಚಿತ್ರಕ್ಕೆ ಸಹಿ ಹಾಕಬಹುದು. ನಮ್ಮಲ್ಲಿ ಬಡ್ತಿ ಎಂದರೆ ರೋಗಿಯಿಂದ ಒಂದೊಂದೇ ಮೆಟ್ಟಿಲು ದೂರ ಹೋಗುವುದು. ಒಳ್ಳೆಯ ನರ್ಸ್ ವಾರ್ಡಿನಲ್ಲೇ ಉಳಿದು ಮೇಲೇರುವ ಏಣಿಯನ್ನು ಯಾರೂ ಮಾಡಿಸಿಲ್ಲ.

ಬೆಳಗಾವಿಯ ಮೂರನೇ ರೈಲ್ವೆ ಗೇಟು ಬಂತು. ಮಂಚಕ್ಕೆ ನಾಲ್ಕನೇ ಕಾಲೂ ಬಂದಿತ್ತು, ತುಸು ಓರೆ. “ರಾತ್ರಿ ಡ್ಯೂಟಿಗೆ ಇನ್ನೊಬ್ರನ್ನ ಕೊಟ್ಟಾರೇನ್ರಿ?” ಎಂದು ಇಳಿಯುವಾಗ ಕೇಳಿದೆ.

“ಇಲ್ರಿ. ಬೆಡ್ ಇಪ್ಪತ್ತೆರಡು, ಸಿಸ್ಟರ್ ನಾ ಒಬ್ಬಾಕಿನ.”